ಓದುಗರ ಪ್ರಶ್ನೆ: ಸಮಾಜವಾದಿ ಪಕ್ಷಗಳ ಬುಡ ಸಡಿಲಿದ್ದು ಎಲ್ಲಿ?

ಯುರೋಪಿನ ಮತ್ತು ನಮ್ಮ ನೆಲದ ಸಮಾಜವಾದಿ ಪಕ್ಷಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಉತ್ತರಿಸಿದ್ದೇವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಹೆಸರು ಬೇಡ ಎಂದವರೇ ಹೆಚ್ಚಾದ್ದರಿಂದ ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಯುರೋಪಿನಲ್ಲಿ ಸಮಾಜವಾದಿ ಪಕ್ಷಗಳ ಕಥೆ ಮುಗಿಯಿತು ಎಂದು ಟೀವಿ ಚರ್ಚೆಗಳಲ್ಲಿ ಕೇಳುತ್ತೇವೆ. ನಿಜಕ್ಕೂ ಎಷ್ಟು ಕುಸಿದಿವೆ? ಎಲ್ಲ ಕಡೆ ಒಂದೇ ರೀತಿಯೇ? (ಪದವಿ ವಿದ್ಯಾರ್ಥಿನಿ, ಧಾರವಾಡ)

ಒಂದೇ ರೀತಿಯಾಗಿ ಇಲ್ಲ. ಕೆಲವು ಪಕ್ಷಗಳು ಮಣ್ಣಿನ ಗೋಡೆ ಮಳೆಗೆ ಕುಸಿದಂತೆ ಒಮ್ಮೆಲೇ ಬಿದ್ದವು. ಗ್ರೀಸಿನ ಸಮಾಜವಾದಿ ಪಕ್ಷ ಪಾಸೊಕ್ 2009ರಲ್ಲಿ ಶೇ 43.9 ಮತ ಪಡೆದು ಸರ್ಕಾರ ಮಾಡಿತ್ತು. 2015ರ ಜನವರಿಯಲ್ಲಿ ಅದಕ್ಕೆ ಸಿಕ್ಕಿದ್ದು ಶೇ 4.7. ನೆದರ್ಲೆಂಡ್ಸ್‌ನ ಕಾರ್ಮಿಕ ಪಕ್ಷ 2012ರಲ್ಲಿ 150ರಲ್ಲಿ 38 ಸ್ಥಾನ ಗೆದ್ದಿತ್ತು, 2017ರಲ್ಲಿ ಒಂಬತ್ತಕ್ಕೆ ಬಂತು. ಫ್ರಾನ್ಸಿನಲ್ಲಿ 2012ರಲ್ಲಿ ಅಧ್ಯಕ್ಷ ಪದವಿಯನ್ನೇ ಗೆದ್ದ ಸಮಾಜವಾದಿ ಪಕ್ಷದ ಅಭ್ಯರ್ಥಿ 2017ರಲ್ಲಿ ಶೇ 6.36, 2022ರಲ್ಲಿ ಶೇ 1.75 ಮತ ಪಡೆದರು.

ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ್ದು ನಿಧಾನದ ಸವೆತ. 1998ರಲ್ಲಿ ಶೇ 40.9, 2009ರಲ್ಲಿ 23, 2021ರಲ್ಲಿ ತುಸು ಚೇತರಿಸಿ 25.7, 2025ರಲ್ಲಿ 16.4. ಸ್ವೀಡನ್ನಿನ ಪಕ್ಷ 2022ರಲ್ಲೂ ಶೇ 30 ದಾಟಿ ದೊಡ್ಡ ಪಕ್ಷವಾಗಿಯೇ ಉಳಿಯಿತು. ಸ್ಪೇನಿನ ಪಕ್ಷ 2023ರಲ್ಲಿ ಶೇ 31.7 ಪಡೆದು ಮಿತ್ರರೊಡನೆ ಸರ್ಕಾರ ಉಳಿಸಿಕೊಂಡಿತು. ಪೋರ್ಚುಗಲ್‌ನಲ್ಲಿ 2022ರಲ್ಲಿ ಸ್ವಂತ ಬಹುಮತ ಪಡೆದ ಪಕ್ಷ ಮೂರೇ ವರ್ಷದಲ್ಲಿ, 2025ರ ಮೇ ತಿಂಗಳಲ್ಲಿ, 58 ಸ್ಥಾನಕ್ಕೆ ಇಳಿದು, 60 ಗೆದ್ದ ಕಡುಬಲಪಂಥೀಯ ಶೇಗ ಪಕ್ಷದ ಹಿಂದೆ ಕೂರಬೇಕಾಯಿತು.

ಒಮ್ಮೆಲೇ ಬಿದ್ದ ಮೂರನ್ನೂ ಹತ್ತಿರದಿಂದ ನೋಡಿ. ಮೂರೂ ಬಿದ್ದದ್ದು ಅಧಿಕಾರದಲ್ಲಿದ್ದಾಗ. ಪಾಸೊಕ್ 2010ರ ಮೇ ತಿಂಗಳಲ್ಲಿ ಸಾಲದ ಷರತ್ತುಗಳಿಗೆ ಸಹಿ ಹಾಕಿ ಸಂಬಳ, ಪಿಂಚಣಿ ಕಡಿತಗೊಳಿಸಿತು. ಡಚ್ ಪಕ್ಷ ಬಲಪಂಥೀಯ ಉದಾರವಾದಿಗಳ ಜೊತೆ ಸೇರಿ ಖರ್ಚು ಕಡಿತ ಮಾಡಿತು. ಫ್ರೆಂಚ್ ಪಕ್ಷ 2016ರಲ್ಲಿ ಕಾರ್ಮಿಕ ಕಾನೂನನ್ನು ಸಡಿಲಿಸಿತು. ವಿರೋಧ ಪಕ್ಷದಲ್ಲಿ ಕೂತು ಸಮಾಜವಾದಿಗಳು ಕಳೆದುಕೊಂಡದ್ದು ಕಡಿಮೆ. ಮಂತ್ರಿ ಕುರ್ಚಿಯಲ್ಲಿ ಕೂತು ತಮ್ಮವರ ಮೇಲೆಯೇ ಕೈಯಿಟ್ಟಾಗ ಕಳೆದುಕೊಂಡದ್ದು ಬಹಳ. ಇದೇ ನಮ್ಮ ಮುಖ್ಯ ವಾದ ಎಂದು ಈಗಲೇ ಹೇಳಿಬಿಡುತ್ತೇವೆ.

ಪ್ರಶ್ನೆ: ಜರ್ಮನಿಯ ‘ಹಾರ್ಟ್ಸ್-4’ ಕಾನೂನೇ ಆ ಪಕ್ಷದ ಬೆನ್ನು ಮುರಿಯಿತು ಎಂದು ಓದಿದ್ದೆ. ಒಂದು ನಿರುದ್ಯೋಗ ಭತ್ಯೆಯ ಕಾನೂನು ಅಷ್ಟು ದೊಡ್ಡ ಪೆಟ್ಟು ಕೊಡುವುದು ಹೇಗೆ? (ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಕಾನೂನಿನ ಒಳಗೆ ಹೋದರೆ ಅರ್ಥವಾಗುತ್ತದೆ. 2002ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಸಿಬ್ಬಂದಿ ವಿಭಾಗದ ನಿರ್ದೇಶಕ ಪೀಟರ್ ಹಾರ್ಟ್ಸ್ ಅಧ್ಯಕ್ಷತೆಯ ಸಮಿತಿ ಶಿಫಾರಸು ಕೊಟ್ಟಿತು. 2003ರ ಮಾರ್ಚ್ 14ರಂದು ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ‘ಅಜೆಂಡಾ 2010’ ಎಂಬ ಸುಧಾರಣಾ ಯೋಜನೆ ಘೋಷಿಸಿದರು. ಆ ಶಿಫಾರಸಿನಿಂದ ಬಂದ ಕಾನೂನುಗಳಲ್ಲಿ ನಾಲ್ಕನೆಯದು, ಅಂದರೆ ಹಾರ್ಟ್ಸ್-4, 2005ರ ಜನವರಿ 1ರಂದು ಜಾರಿಗೆ ಬಂತು.

ಅದಕ್ಕೆ ಮುಂಚೆ ಕೆಲಸ ಹೋದವರಿಗೆ ಮೊದಲು ವಿಮೆಯಿಂದ ಭತ್ಯೆ ಸಿಗುತ್ತಿತ್ತು, ವಯಸ್ಸಾದವರಿಗೆ ಗರಿಷ್ಠ 32 ತಿಂಗಳು. ಅದು ಮುಗಿದ ಮೇಲೂ ಹಳೆಯ ಸಂಬಳದ ಅರ್ಧಕ್ಕಿಂತ ತುಸು ಹೆಚ್ಚು ಸಹಾಯಧನ, ಇಷ್ಟೇ ಕಾಲ ಎಂಬ ಮಿತಿಯಿಲ್ಲದೆ. ಹೊಸ ವ್ಯವಸ್ಥೆಯಲ್ಲಿ ವಿಮೆಯ ಅವಧಿ 12 ತಿಂಗಳಿಗೆ, 55 ದಾಟಿದವರಿಗೆ 18 ತಿಂಗಳಿಗೆ ಇಳಿಯಿತು. ಅಲ್ಲಿಂದಾಚೆ ಎಲ್ಲರಿಗೂ ಒಂದೇ ಮೊತ್ತ: ಪಶ್ಚಿಮದಲ್ಲಿ ತಿಂಗಳಿಗೆ 345 ಯೂರೊ, ಪೂರ್ವದಲ್ಲಿ 331, ಜೊತೆಗೆ ಮನೆ ಬಾಡಿಗೆ ಮತ್ತು ಚಳಿಗಾಲದ ಬಿಸಿ ವ್ಯವಸ್ಥೆಯ ಖರ್ಚು.

ಈಗ ರೂರ್ ಪ್ರದೇಶದ ಒಬ್ಬ ಉಕ್ಕಿನ ಕಾರ್ಮಿಕನನ್ನು ಎದುರಿಗೆ ಇಟ್ಟುಕೊಳ್ಳಿ. ವಯಸ್ಸು 52, ಮೂವತ್ತು ವರ್ಷ ತಪ್ಪದೆ ವಿಮಾ ಕಂತು ಕಟ್ಟಿದ್ದಾನೆ. ಕಾರ್ಖಾನೆ ಮುಚ್ಚಿ ಒಂದು ವರ್ಷವಾಯಿತು. ಅವನ ಕೈಗೆ 16 ಪುಟಗಳ ಅರ್ಜಿ ಬರುತ್ತದೆ. ಬ್ಯಾಂಕಿನಲ್ಲಿ ಎಷ್ಟಿದೆ, ಹೆಂಡತಿಗೆ ಎಷ್ಟು ಸಂಬಳ, ಕಾರು ಯಾವುದು, ಮನೆ ಎಷ್ಟು ಚದರ ಮೀಟರ್, ಎಲ್ಲ ಬರೆಯಬೇಕು. ವಯಸ್ಸಿನ ಪ್ರತಿ ವರ್ಷಕ್ಕೆ 200 ಯೂರೊದಂತೆ ಉಳಿತಾಯ ಇಟ್ಟುಕೊಳ್ಳಬಹುದು, ಅಂದರೆ ಅವನಿಗೆ 10,400 ಯೂರೊ. ವೃದ್ಧಾಪ್ಯಕ್ಕೆಂದೇ ಬೇರೆ ತೆಗೆದಿಟ್ಟದ್ದನ್ನು ಬಿಟ್ಟರೆ ಉಳಿದದ್ದನ್ನು ಮೊದಲು ಖರ್ಚು ಮಾಡಬೇಕು, ಆಮೇಲೆ ಸಹಾಯ. ಒಂದು ದಿನವೂ ದುಡಿಯದವನಿಗೆ ಸಿಗುವ ಮೊತ್ತವೇ ಇವನಿಗೂ. ಮೂವತ್ತು ವರ್ಷದ ದುಡಿಮೆಗೆ ಕೊಟ್ಟ ಮರ್ಯಾದೆ ಇಷ್ಟೇ ಎಂದು ಅವನು ಓದಿಕೊಂಡ. ಆ ಪಕ್ಷದ ಸ್ಥಳೀಯ ಶಾಖೆಗಳನ್ನು ಹೆಗಲ ಮೇಲೆ ಹೊತ್ತಿದ್ದವರು ಇಂಥವರೇ.

ಫಲ ಕೂಡಲೇ ಬಂತು. 2004ರಲ್ಲೇ ಪೂರ್ವದ ಊರುಗಳಲ್ಲಿ ಪ್ರತಿ ಸೋಮವಾರ ಮೆರವಣಿಗೆ. 2005ರ ಮೇ ತಿಂಗಳಲ್ಲಿ, 39 ವರ್ಷದಿಂದ ಕೈಯಲ್ಲಿದ್ದ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯ ಹೋಯಿತು. ಪಕ್ಷದ ಮಾಜಿ ಅಧ್ಯಕ್ಷ ಓಸ್ಕರ್ ಲಾಫೊಂಟೇನ್ ಹೊರಬಂದರು. 2007ರಲ್ಲಿ ‘ಎಡಪಕ್ಷ’ ಹುಟ್ಟಿ, 2009ರಲ್ಲಿ ಶೇ 11.9 ಮತ ಪಡೆಯಿತು.

ನಿರುದ್ಯೋಗ ಇಳಿದದ್ದು ನಿಜ. 2005ರಲ್ಲಿ ಐವತ್ತು ಲಕ್ಷದ ಹತ್ತಿರವಿದ್ದವರ ಸಂಖ್ಯೆ ಮುಂದಿನ ದಶಕದಲ್ಲಿ ಮೂವತ್ತು ಲಕ್ಷಕ್ಕಿಂತ ಕೆಳಗೆ ಬಂತು. ಅದರಲ್ಲಿ ಈ ಕಾನೂನಿನ ಪಾಲೆಷ್ಟು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ನಮ್ಮ ಅಭಿಪ್ರಾಯದಲ್ಲಿ ದೊಡ್ಡ ತಪ್ಪು ನಡೆದದ್ದು ಕ್ರಮದಲ್ಲಿ. ಸಿಕ್ಕ ಕೆಲಸಕ್ಕೆ ಹೋಗಲೇಬೇಕು ಎಂಬ ಒತ್ತಾಯ 2005ರಲ್ಲಿ ಬಂತು. ಆ ಕೆಲಸಕ್ಕೆ ಇಷ್ಟಾದರೂ ಕೊಡಿ ಎನ್ನುವ ಕನಿಷ್ಠ ವೇತನ, ಗಂಟೆಗೆ 8.50 ಯೂರೊ, ಬಂದದ್ದು 2015ರಲ್ಲಿ. ನಡುವೆ ಹತ್ತು ವರ್ಷ. ಶ್ರೋಡರ್ ಸರ್ಕಾರವೇ ಮೇಲ್ವರ್ಗದ ಆದಾಯ ತೆರಿಗೆಯನ್ನು ಶೇ 53ರಿಂದ 42ಕ್ಕೆ ಇಳಿಸಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಕಾರ್ಮಿಕನಿಗೆ ಅರ್ಥಶಾಸ್ತ್ರ ಬೇಕಿರಲಿಲ್ಲ.

ಪ್ರಶ್ನೆ: ಮತ ಕಡಿಮೆಯಾದರೆ ಪಕ್ಷದ ಹಣಕಾಸಿಗೆ ಏನಾಗುತ್ತದೆ? (ಲೆಕ್ಕಪರಿಶೋಧಕರು, ಮಂಗಳೂರು)

ಫ್ರಾನ್ಸ್ ಇದಕ್ಕೆ ಕಣ್ಣಿಗೆ ಕಾಣುವ ಉದಾಹರಣೆ. ಅಲ್ಲಿ ಪಕ್ಷಗಳಿಗೆ ಸರ್ಕಾರದ ಹಣ ಎರಡು ಭಾಗದಲ್ಲಿ ಬರುತ್ತದೆ: ಸಂಸತ್ ಚುನಾವಣೆಯ ಮೊದಲ ಸುತ್ತಿನಲ್ಲಿ ಪಡೆದ ಮತಕ್ಕೆ ಒಂದು, ಗೆದ್ದ ಸದಸ್ಯರ ಲೆಕ್ಕಕ್ಕೆ ಇನ್ನೊಂದು. 2017ರಲ್ಲಿ ಸಮಾಜವಾದಿ ಪಕ್ಷದ ಸದಸ್ಯಬಲ 280ರ ಆಸುಪಾಸಿನಿಂದ 30ಕ್ಕೆ ಇಳಿದಾಗ ಎರಡೂ ಒಟ್ಟಿಗೆ ಬತ್ತಿದವು. ಪ್ಯಾರಿಸಿನ ಸೊಲ್ಫೆರಿನೊ ಬೀದಿಯ ಕೇಂದ್ರ ಕಚೇರಿಯನ್ನು ಸುಮಾರು 4.55 ಕೋಟಿ ಯೂರೊಗೆ ಮಾರಿ, ಹೊರವಲಯದ ಇವ್ರಿಗೆ ಹೋದರು.

ಅಧ್ಯಕ್ಷೀಯ ಚುನಾವಣೆಯಲ್ಲಿ ಶೇ 5 ಎಂಬ ಗೆರೆಯಿದೆ. ಅದನ್ನು ದಾಟಿದ ಅಭ್ಯರ್ಥಿಗೆ ವೆಚ್ಚ ಮಿತಿಯ ಶೇ 47.5ರವರೆಗೆ ಮರುಪಾವತಿ, ದಾಟದಿದ್ದರೆ ಶೇ 4.75 ಮಾತ್ರ. ಶೇ 4.9 ಬಂದರೂ ಹತ್ತರಲ್ಲಿ ಒಂದು ಪಾಲೇ. ಸಾಲ ತಂದು ಪ್ರಚಾರ ಮಾಡಿದ ಪಕ್ಷಕ್ಕೆ ಈ ಗೆರೆಯೇ ಬದುಕು-ಸಾವಿನ ಗೆರೆ. ಇಲ್ಲಿಂದ ಒಂದು ಸುಳಿ ಶುರು: ಹಣವಿಲ್ಲದೆ ಪೂರ್ಣಾವಧಿ ಕಾರ್ಯಕರ್ತರನ್ನು ಬಿಡಬೇಕು, ಅವರಿಲ್ಲದೆ ಜಿಲ್ಲಾ ಕಚೇರಿ ಬಾಗಿಲು ಮುಚ್ಚುತ್ತದೆ, ಮುಂದಿನ ಸಲ ಮತ ಇನ್ನೂ ಇಳಿಯುತ್ತದೆ.

ಚಂದಾ ಹಣದ ಮೇಲೆಯೇ ನಿಂತ ಪಕ್ಷಕ್ಕೆ ಈ ಸುಳಿ ಅಷ್ಟು ಬೇಗ ತಾಗುವುದಿಲ್ಲ. ಹಳೆಯ ಜರ್ಮನ್ ಪಕ್ಷದಲ್ಲಿ ಪ್ರತಿ ಸದಸ್ಯನ ಬಳಿ ಒಂದು ಪುಟ್ಟ ಪುಸ್ತಕ ಇರುತ್ತಿತ್ತು. ಚಂದಾ ವಸೂಲಿಯವನು ಮನೆಗೆ ಬಂದು ಹಣ ಪಡೆದು, ಅಂಚೆಚೀಟಿಯಂಥ ಒಂದು ಚೀಟಿಯನ್ನು ಆ ಪುಸ್ತಕದ ಚೌಕದಲ್ಲಿ ಅಂಟಿಸಿ ಹೋಗುತ್ತಿದ್ದ. ಹಾಗೆ ಬಂದವನಿಗೆ ಮನೆಯ ಕಷ್ಟಸುಖ ತಿಳಿಯುತ್ತಿತ್ತು: ಯಾರ ಕೆಲಸ ಹೋಯಿತು, ಯಾರ ಬಾಡಿಗೆ ಏರಿತು. ಚಂದಾ ಬ್ಯಾಂಕ್ ಖಾತೆಯಿಂದ ತಾನೇ ಕಡಿತವಾಗತೊಡಗಿದ ಮೇಲೆ ಹಣ ಸಲೀಸಾಗಿ ಬಂತು, ಬಾಗಿಲು ತಟ್ಟುವವನು ಬರಲಿಲ್ಲ. 1970ರ ದಶಕದ ನಡುವಿನಲ್ಲಿ ಹತ್ತು ಲಕ್ಷ ದಾಟಿದ್ದ ಸದಸ್ಯರ ಸಂಖ್ಯೆ ಈಗ ನಾಲ್ಕು ಲಕ್ಷಕ್ಕಿಂತ ಕೆಳಗಿದೆ.

ಪ್ರಶ್ನೆ: ಶ್ರೀಮಂತರಿಗೆ ತೆರಿಗೆ ಹಾಕಿ, ಬ್ಯಾಂಕುಗಳನ್ನು ರಾಷ್ಟ್ರೀಕರಿಸಿ, ಸಂಬಳ ಏರಿಸಿದರೆ ಮುಗಿಯಿತಲ್ಲ. ಗೆದ್ದ ಮೇಲೆ ಯಾಕೆ ಹಿಂಜರಿಯುತ್ತಾರೆ? (ಕಾರ್ಮಿಕ ಸಂಘಟಕರು, ದಾವಣಗೆರೆ)

1981ರಲ್ಲಿ ಫ್ರಾನ್ಸಿನಲ್ಲಿ ಇದನ್ನೇ ಮಾಡಿದರು, ಹಿಂಜರಿಯದೆ. ಫ್ರಾಂಸ್ವಾ ಮಿತ್ತೆರಾನ್ ಮೇ 10ರಂದು ಗೆದ್ದರು. ಕನಿಷ್ಠ ವೇತನ ಶೇ 10 ಏರಿತು. ವರ್ಷಕ್ಕೆ ಐದನೇ ವಾರದ ಸಂಬಳ ಸಹಿತ ರಜೆ, ವಾರಕ್ಕೆ 39 ಗಂಟೆ ದುಡಿಮೆ, 60ಕ್ಕೆ ನಿವೃತ್ತಿ, ಸಂಪತ್ತಿನ ತೆರಿಗೆ ಬಂದವು. 1982ರ ಫೆಬ್ರವರಿಯ ಕಾನೂನಿನಿಂದ ಐದು ದೊಡ್ಡ ಕೈಗಾರಿಕಾ ಸಮೂಹಗಳೂ ಹತ್ತಾರು ಬ್ಯಾಂಕುಗಳೂ ಸರ್ಕಾರದ್ದಾದವು.

ಕೆಟ್ಟದ್ದು ಎಲ್ಲಿ? ಜನರ ಕೈಯಲ್ಲಿ ದುಡ್ಡು ಬಂತು, ಅಂಗಡಿಯಲ್ಲಿ ಸಿಕ್ಕ ಸಾಮಾನು ಮಾತ್ರ ಹೊರದೇಶದ್ದಾಗಿತ್ತು. ಅದೇ ಹೊತ್ತಿಗೆ ಅಮೆರಿಕ, ಜರ್ಮನಿಗಳು ಬಡ್ಡಿ ಏರಿಸಿ ಬೇಡಿಕೆ ತಗ್ಗಿಸುತ್ತಿದ್ದವು, ಹಾಗಾಗಿ ಫ್ರೆಂಚ್ ಸರಕಿಗೆ ಹೊರಗೆ ಗಿರಾಕಿಯಿಲ್ಲ. ಆಮದು ಏರಿ ರಫ್ತು ನಿಂತಿತು. ಫ್ರಾಂಕ್ ಯುರೋಪಿನ ವಿನಿಮಯ ವ್ಯವಸ್ಥೆಯಲ್ಲಿ ಜರ್ಮನ್ ಮಾರ್ಕ್‌ಗೆ ಕಟ್ಟಿಹಾಕಿಕೊಂಡಿತ್ತು. ಬೆಲೆ ಬೀಳುತ್ತದೆಂದು ಗೊತ್ತಾದವರು ಹಣವನ್ನು ಗಡಿ ದಾಟಿಸಿದರು. 1981ರ ಅಕ್ಟೋಬರ್, 1982ರ ಜೂನ್, 1983ರ ಮಾರ್ಚ್, ಹೀಗೆ ಮೂರು ಸಲ ಫ್ರಾಂಕ್ ಅಪಮೌಲ್ಯವಾಯಿತು. ಹೊರದೇಶದ ವೀಡಿಯೊ ರೆಕಾರ್ಡರ್‌ಗಳ ಆಮದು ತಡೆಯಲು, ಅವೆಲ್ಲ ಒಳನಾಡಿನ ಪ್ವಾತಿಯೆ ಊರಿನ ಸಣ್ಣ ಸುಂಕದ ಕಚೇರಿಯ ಮೂಲಕವೇ ಬರಬೇಕು ಎಂದು ಆದೇಶ ಹೊರಟಿತು. 1983ರಲ್ಲಿ ಹೊರದೇಶಕ್ಕೆ ಹೋಗುವವರು ವರ್ಷಕ್ಕೆ ತಲಾ 2,000 ಫ್ರಾಂಕ್ ಮಾತ್ರ ಒಯ್ಯಬಹುದು ಎಂಬ ಮಿತಿ ಬಂತು. ಅದೇ ಮಾರ್ಚ್‌ನಲ್ಲಿ ಸರ್ಕಾರ ದಿಕ್ಕು ಬದಲಿಸಿ ಬಿಗಿಹಿಡಿತದ ಹಾದಿ ಹಿಡಿಯಿತು.

ಸಂಬಳ ಏರಿಸಿದ್ದೇ ತಪ್ಪು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಬಂಡವಾಳ ಗಡಿ ದಾಟುವುದನ್ನು ಪೂರ್ತಿ ತಡೆಯಲಾಗದೆ, ವಿನಿಮಯ ದರವನ್ನು ಬೇರೊಂದು ದೇಶಕ್ಕೆ ಕಟ್ಟಿ, ಒಂದೇ ದೇಶ ಬೇಡಿಕೆ ಏರಿಸಲು ಹೊರಟದ್ದು ಸೋಲಿಗೆ ಕಾರಣ. ಅಪಮೌಲ್ಯವನ್ನು ಮೊದಲ ವಾರದಲ್ಲೇ, ತಪ್ಪನ್ನು ಹಿಂದಿನ ಸರ್ಕಾರದ ಮೇಲೆ ಹೊರಿಸುವಷ್ಟು ಬೇಗ ಮಾಡಿದ್ದರೆ ಸ್ವಲ್ಪ ಉಸಿರಾಡಲು ಸಮಯ ಸಿಗುತ್ತಿತ್ತು. ಇಂದು ಕಟ್ಟುಗಳು ಇನ್ನೂ ಬಿಗಿ: ಯೂರೊ ಎಂಬ ಒಂದೇ ನಾಣ್ಯ ಬಂದ ಮೇಲೆ ಅಪಮೌಲ್ಯದ ದಾರಿಯೇ ಇಲ್ಲ, ಬಜೆಟ್ ಕೊರತೆಗೆ ಜಿಡಿಪಿಯ ಶೇ 3ರ ಮಿತಿ. ಹಾಗಾಗಿ ತೆರಿಗೆಯ ಹೋರಾಟ ದೇಶಗಳ ನಡುವೆ ಹೋಗಿದೆ. 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ ಶೇ 15 ತೆರಿಗೆ ಎಂದು ಒಪ್ಪಿದ್ದು ಅದರ ಒಂದು ಹೆಜ್ಜೆ.

ಪ್ರಶ್ನೆ: ಬಲಪಂಥೀಯರಂತೆ ವಲಸೆ ವಿರೋಧಿಸಿದರೆ ಮತ ವಾಪಸ್ ಬರುತ್ತವೆ, ಡೆನ್ಮಾರ್ಕ್ ನೋಡಿ ಎನ್ನುತ್ತಾರೆ. ನಿಜವೇ? (ಓದುಗರು, ಕಲಬುರಗಿ)

ಅಂಕಿ ನೋಡಿದರೆ ಅರ್ಧ ಮಾತ್ರ ನಿಜ. 2019ರಲ್ಲಿ ಮೆಟೆ ಫ್ರೆಡರಿಕ್ಸನ್ ಪ್ರಧಾನಿಯಾದಾಗ ಪಕ್ಷದ ಮತ ಶೇ 25.9, ಅದಕ್ಕೂ ಹಿಂದಿನ 2015ರಲ್ಲಿ 26.3 ಇತ್ತು. ಏರಲೇ ಇಲ್ಲ. ಇಳಿದದ್ದು ವಲಸೆ ವಿರೋಧಿ ಡ್ಯಾನಿಶ್ ಪೀಪಲ್ಸ್ ಪಕ್ಷ, 21.1ರಿಂದ 8.7ಕ್ಕೆ. ಸಮಾಜವಾದಿಗಳು ಅತ್ತ ಕೆಲವರನ್ನು ಪಡೆದು, ನಗರದ ಎಡ ಮತದಾರರನ್ನು ಪಕ್ಕದ ಎಡಪಕ್ಷಗಳಿಗೆ ಕಳೆದುಕೊಂಡರು. ಒಟ್ಟು ಕೂಟ ಗೆದ್ದಿತು.

ಅಲ್ಲಿ ನಡೆದ ಇನ್ನೊಂದನ್ನು ಇಲ್ಲಿನ ಚರ್ಚೆಗಳಲ್ಲಿ ಯಾರೂ ಹೇಳುವುದಿಲ್ಲ. ಸಣ್ಣ ವಯಸ್ಸಿಗೇ ಕೆಲಸಕ್ಕೆ ಸೇರಿದವರಿಗೆ ಬೇಗ ನಿವೃತ್ತಿ ಎಂಬ ಮಾತು ಕೊಟ್ಟು ಉಳಿಸಿಕೊಂಡರು: 61ನೇ ವಯಸ್ಸಿಗೆ 42 ವರ್ಷ ದುಡಿದಿದ್ದರೆ ಒಂದು ವರ್ಷ, 43ಕ್ಕೆ ಎರಡು, 44ಕ್ಕೆ ಮೂರು ವರ್ಷ ಮುಂಚಿತ ನಿವೃತ್ತಿ. ಗಾರೆ ಕೆಲಸದವರು, ಆಯಾಗಳು, ಕಸಾಯಿಖಾನೆ ಕಾರ್ಮಿಕರು ಇದನ್ನು ತಮ್ಮದೆಂದು ಕಂಡರು. ವಲಸಿಗರ ಬಡಾವಣೆಗಳ ಮೇಲೆ ಕಾನೂನು ಬಿಗಿ ಮಾಡಿದ್ದರಿಂದಲೇ ಗೆದ್ದರು ಎಂದು ಹೇಳುವವರು ಈ ಅರ್ಧವನ್ನು ಬಿಟ್ಟು ಹೇಳುತ್ತಾರೆ. ಒಂದು ಗುಂಪಿನ ಮನುಷ್ಯರ ಹಕ್ಕು ಕಿತ್ತು ಇನ್ನೊಂದು ಗುಂಪಿನ ನಂಬಿಕೆ ಗಳಿಸುವುದು ಸಮಾಜವಾದವಲ್ಲ ಎಂಬುದು ನಮ್ಮ ನಿಲುವು.

ಪ್ರಶ್ನೆ: ಬ್ರಿಟನ್ನಿನಲ್ಲಿ ಲೇಬರ್ ಪಕ್ಷ 2024ರಲ್ಲಿ ಭಾರೀ ಗೆದ್ದಿತಲ್ಲ, ಅಲ್ಲಿ ಸಮಸ್ಯೆಯೇನು? (ಓದುಗರು, ಬೆಂಗಳೂರು)

ಗೆದ್ದದ್ದು ಸ್ಥಾನಗಳನ್ನು. 2017ರಲ್ಲಿ ಸೋತಾಗ ಲೇಬರ್‌ಗೆ ಸುಮಾರು 1.29 ಕೋಟಿ ಮತ, 262 ಸ್ಥಾನ. 2024ರಲ್ಲಿ ಸುಮಾರು 97 ಲಕ್ಷ ಮತ, ಶೇ 33.7, ಸ್ಥಾನ ಮಾತ್ರ 411. ನಮ್ಮಂತೆಯೇ ಅಲ್ಲೂ ಹೆಚ್ಚು ಮತ ಬಂದವನೇ ಗೆಲ್ಲುವ ಪದ್ಧತಿ. ಬಲಪಂಥೀಯ ಮತ ಎರಡು ಪಕ್ಷಗಳಲ್ಲಿ ಒಡೆದದ್ದರ ಲಾಭ ಇದು. ಇಂಥ ಬಹುಮತದ ಅಡಿಪಾಯ ತೆಳು. ಅಧಿಕಾರಕ್ಕೆ ಬಂದ ತಿಂಗಳಲ್ಲೇ ವೃದ್ಧರಿಗೆ ಚಳಿಗಾಲದ ಇಂಧನಕ್ಕೆ ಸಿಗುತ್ತಿದ್ದ 200ರಿಂದ 300 ಪೌಂಡನ್ನು ಕಡುಬಡವರಿಗೆ ಮಾತ್ರ ಸೀಮಿತಗೊಳಿಸಿದರು. ಜನ ಸಿಟ್ಟಾದರು, ಸ್ಥಳೀಯ ಚುನಾವಣೆ ಸೋತರು. 2025ರ ಜೂನ್‌ನಲ್ಲಿ ವರ್ಷಕ್ಕೆ 35,000 ಪೌಂಡ್ ಆದಾಯದವರೆಗೆ ಮತ್ತೆ ಕೊಡುತ್ತೇವೆ ಎಂದರು. ಉಳಿತಾಯವೂ ಆಗಲಿಲ್ಲ, ಮೆಚ್ಚುಗೆಯೂ ಸಿಗಲಿಲ್ಲ.

ಪ್ರಶ್ನೆ: ಕಾರ್ಖಾನೆಗಳೇ ಕಡಿಮೆಯಾದ ಮೇಲೆ ಕಾರ್ಮಿಕ ಸಂಘ ಕಟ್ಟುವುದೆಲ್ಲಿ? ಡೆಲಿವರಿ ಹುಡುಗರನ್ನು ಸಂಘಟಿಸಲು ಆಗುತ್ತದೆಯೇ? (ಕಾನೂನು ವಿದ್ಯಾರ್ಥಿ, ಬೆಂಗಳೂರು)

ಸಂಘ ಉಳಿಯುವುದು ಸದಸ್ಯನ ಕೈಗೆ ತಿಂಗಳು ತಿಂಗಳು ಏನಾದರೂ ಸಿಗುವ ಕಡೆ. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳಲ್ಲಿ ನಿರುದ್ಯೋಗ ವಿಮೆಯ ನಿಧಿಗಳನ್ನು ಸರ್ಕಾರದ ನೆರವಿನೊಡನೆ ಸಂಘಗಳೇ ನಡೆಸುತ್ತವೆ. ಬೆಲ್ಜಿಯಂನ ಗೆಂಟ್ ನಗರದಲ್ಲಿ ಶುರುವಾದ ಪದ್ಧತಿಯಾದ್ದರಿಂದ ಗೆಂಟ್ ಪದ್ಧತಿ ಎನ್ನುತ್ತಾರೆ. ಸ್ವೀಡನ್ನಿನಲ್ಲಿ ಹತ್ತರಲ್ಲಿ ಏಳು ಮಂದಿ ಸಂಘದ ಸದಸ್ಯರು. ಜರ್ಮನಿಯಲ್ಲಿ ಹತ್ತರಲ್ಲಿ ಇಬ್ಬರೂ ಇಲ್ಲ. ಈ ಬೆಸುಗೆ ಎಷ್ಟು ಮುಖ್ಯ ಎಂಬುದು ಎದುರಾಳಿಗಳಿಗೂ ಗೊತ್ತು: 2007ರಲ್ಲಿ ಸ್ವೀಡನ್ನಿನ ಬಲಪಂಥೀಯ ಸರ್ಕಾರ ವಿಮಾ ನಿಧಿಯ ಕಂತನ್ನು ಏರಿಸಿತು, ನಿರುದ್ಯೋಗ ಹೆಚ್ಚಿರುವ ವೃತ್ತಿಗಳಿಗೆ ಇನ್ನೂ ಹೆಚ್ಚು. ಎರಡೇ ವರ್ಷದಲ್ಲಿ ಸಂಘದ ಸದಸ್ಯತ್ವ ಶೇ 77ರಿಂದ 71ಕ್ಕೆ ಬಿತ್ತು.

ನಮ್ಮಲ್ಲಿ ಇದಕ್ಕೆ ಹತ್ತಿರದ ಅವಕಾಶ ಈಗ ತೆರೆದಿದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯಂತೆ, ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಶೇ 1ರಿಂದ 5ರವರೆಗೆ ಕಂಪನಿ ಕಲ್ಯಾಣ ಶುಲ್ಕ ಕಟ್ಟಬೇಕು. ಒಂದು ಡೆಲಿವರಿಗೆ ಸವಾರನಿಗೆ 40 ರೂಪಾಯಿ ಸಿಕ್ಕರೆ ಶುಲ್ಕ 40 ಪೈಸೆಯಿಂದ 2 ರೂಪಾಯಿ. ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣದೊಡನೆ 14 ದಿನಗಳ ನೋಟಿಸ್ ಕೊಡಬೇಕು. ಸಂಘಟಕರು ಕೈಹಾಕಬೇಕಾದ್ದು ಇಲ್ಲೇ. ಭಾಷಣಕ್ಕೆ ಮುಂಚೆ ನೋಂದಣಿ ಮಾಡಿಸಿಕೊಡಿ. ಐಡಿ ಬ್ಲಾಕ್ ಆದ ಸವಾರನಿಂದ ಅದೇ ದಿನ ಆ್ಯಪ್‌ನ ಸಂದೇಶದ ಸ್ಕ್ರೀನ್‌ಶಾಟ್, ಕೊನೆಯ ಕೆಲವು ವಾರಗಳ ಪಾವತಿ ವಿವರ, ಆರ್ಡರ್ ಸಂಖ್ಯೆ ಇಸಿದುಕೊಳ್ಳಿ. ಐಡಿ ಪೂರ್ತಿ ಮುಚ್ಚಿದ ಮೇಲೆ ಆ್ಯಪ್ ತೆರೆಯುವುದೇ ಇಲ್ಲ, ದಾಖಲೆ ಕೈಗೆ ಸಿಗುವುದಿಲ್ಲ. ಸಾಮಾನ್ಯವಾಗಿ ಎಡವುವುದು ಎಲ್ಲೆಂದರೆ ಮುಷ್ಕರದ ದಿನ ಇನ್ನೂರು ಜನ ಸೇರುತ್ತಾರೆ, ಮಾರನೇ ವಾರ ಇಪ್ಪತ್ತು. ಚಂದಾ ರಸೀದಿ ಇಲ್ಲದ ಸಂಘ ವಾಟ್ಸ್‌ಆ್ಯಪ್ ಗುಂಪಾಗಿ ಉಳಿದುಬಿಡುತ್ತದೆ. ತಿಂಗಳಿಗೆ 20 ರೂಪಾಯಿಯಾದರೂ ಸರಿ, ಕೈಯಿಂದ ಕೈಗೆ ಪಡೆದು ರಸೀದಿ ಕೊಡಿ.

ಪ್ರಶ್ನೆ: ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರು ಇದ್ದ ನಾಡಿನಲ್ಲಿ ಸಮಾಜವಾದಿ ಪಕ್ಷ ಯಾಕೆ ಉಳಿಯಲಿಲ್ಲ? (ನಿವೃತ್ತ ಶಿಕ್ಷಕರು, ಸಾಗರ)

ನಿಮ್ಮ ಊರಿನಿಂದಲೇ ಶುರು ಮಾಡೋಣ. ಗೇಣಿ ಭತ್ತ ಅಳೆಯುವ ಕೊಳಗ ಆ ಹೋರಾಟದ ನಡುವೆ ಇದ್ದ ವಸ್ತು. ಒಡೆಯರು ಗೇಣಿ ಅಳೆಸಿಕೊಳ್ಳುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಕೊಳಗಕ್ಕೆ ಒಂದೆರಡು ಹಿಡಿ ಹೆಚ್ಚಾದರೂ ನೂರಾರು ಕೊಳಗ ಅಳೆಯುವಷ್ಟರಲ್ಲಿ ಒಕ್ಕಲಿನ ಮನೆಯ ಮಳೆಗಾಲದ ಊಟ ಹೋಗುತ್ತಿತ್ತು. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದ ರೈತ ಸಂಘದ ದೀವರ ಗೇಣಿದಾರರು ಅಳತೆ ಸರಿಯಾಗಲಿ, ಬಿಟ್ಟಿ ಚಾಕರಿ ನಿಲ್ಲಲಿ ಎಂದು ಎದ್ದುನಿಂತರು. ಸಮಾಜವಾದಿ ಪಕ್ಷ ಜೊತೆಗೆ ಬಂತು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. 1952ರಲ್ಲಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದು ಅನ್ಯಾಯವನ್ನು ಹಿಡಿದ ಪಕ್ಷ ಬೇರು ಬಿಟ್ಟದ್ದು ಹೀಗೆ.

ಬೇರು ಮಲೆನಾಡಿನಾಚೆ ಅಷ್ಟಾಗಿ ಹಬ್ಬಲಿಲ್ಲ. ಮೊದಲ ಕಾರಣ ಚುನಾವಣೆಯ ಗಣಿತ. 1951-52ರ ಲೋಕಸಭಾ ಚುನಾವಣೆಯಲ್ಲಿ ಸಮಾಜವಾದಿ ಪಕ್ಷ 254 ಕಡೆ ನಿಂತು, ದೇಶದಲ್ಲಿ ಶೇ 10.6 ಮತ ಪಡೆದು, 12 ಸ್ಥಾನ ಗೆದ್ದಿತು. ಕಮ್ಯುನಿಸ್ಟ್ ಪಕ್ಷ 49 ಕಡೆ ಮಾತ್ರ ನಿಂತು, ಶೇ 3.3 ಮತಕ್ಕೆ 16 ಗೆದ್ದಿತು. ಮತ ದೇಶದ ತುಂಬ ಚದುರಿದರೆ ನಮ್ಮ ಪದ್ಧತಿಯಲ್ಲಿ ಅದು ಎಲ್ಲೂ ಹೆಚ್ಚಾಗುವುದಿಲ್ಲ.

ಎರಡನೆಯದು ಒಡಕು. 1952ರಲ್ಲಿ ಪ್ರಜಾ ಸಮಾಜವಾದಿ ಪಕ್ಷವಾಯಿತು, 1955ರ ಕೊನೆಗೆ ಲೋಹಿಯಾ ಬೇರೆಯಾದರು, 1964ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷ ಬಂತು, 1977ರಲ್ಲಿ ಎಲ್ಲ ಜನತಾ ಪಕ್ಷದೊಳಗೆ ಕರಗಿತು. ಪ್ರತಿ ಸಲ ಚಿಹ್ನೆ ಬದಲಾಯಿತು. ಅಕ್ಷರ ಬಾರದ ಮತದಾರನಿಗೆ ಚಿಹ್ನೆಯೇ ಪಕ್ಷ. ಪ್ರತಿ ಒಡಕಿನ ಮೇಲೂ ಮೊದಲಿಂದ ಮನೆ ಮನೆ ತಿರುಗಬೇಕು.

ಮೂರನೆಯದು ಗೆಲುವೇ ತಂದ ಕಷ್ಟ, ನಾವು ಹೆಚ್ಚು ತೂಕ ಕೊಡುವುದು ಇದಕ್ಕೆ. ಉಳುವವನೇ ಹೊಲದೊಡೆಯ ಎಂಬ ಬೇಡಿಕೆ ಕಾನೂನಾದದ್ದು ಕಾಂಗ್ರೆಸ್ಸಿನ ದೇವರಾಜ ಅರಸರ ಸರ್ಕಾರದಲ್ಲಿ, 1974ರ ಮಾರ್ಚ್ 1ರಿಂದ. ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆಯಬೇಕಿತ್ತು. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು. ಭೂಮಿ ಸಿಕ್ಕ ಒಕ್ಕಲು ಕೃತಜ್ಞನಾದದ್ದು ಹಕ್ಕುಪತ್ರ ಕೊಟ್ಟ ಸರ್ಕಾರಕ್ಕೆ. ಹೋರಾಟದ ಹುಡುಗರಲ್ಲಿ ಹಲವರು ಬೇರೆ ಬೇರೆ ಪಕ್ಷಗಳ ಮೂಲಕ ಮಂತ್ರಿ, ಮುಖ್ಯಮಂತ್ರಿಗಳಾದರು, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಆ ಗರಡಿಯವರೇ. ಪಕ್ಷ ಮಾತ್ರ ಹೊಸ ಕೊಳಗ ಹುಡುಕಲಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ಮಾಡಿದಾಗ ಬೀದಿಗಿಳಿದದ್ದು ರೈತ, ದಲಿತ, ಕಾರ್ಮಿಕ ಸಂಘಟನೆಗಳು.

ಪ್ರಶ್ನೆ: ನಾವು ಕೆಲವರು ಸೇರಿ ಸಮಾಜವಾದಿ ತತ್ವದ ಹೊಸ ಪಕ್ಷ ನೋಂದಾಯಿಸಲು ಹೊರಟಿದ್ದೇವೆ. ಏನೇನು ಬೇಕು, ಎಲ್ಲಿ ಸಿಕ್ಕಿಬೀಳುತ್ತೇವೆ? (ಯುವಕರ ಗುಂಪು, ಹಾಸನ)

ಜನಪ್ರತಿನಿಧಿ ಕಾಯ್ದೆ 1951ರ ಕಲಂ 29ಎ ಓದಿಕೊಳ್ಳಿ. ಪಕ್ಷ ಸ್ಥಾಪಿಸಿದ 30 ದಿನದೊಳಗೆ ಚುನಾವಣಾ ಆಯೋಗಕ್ಕೆ ಅರ್ಜಿ ಹೋಗಬೇಕು; ಹಾಗಾಗಿ ದಾಖಲೆಗಳೆಲ್ಲ ಸಿದ್ಧವಾದ ಮೇಲೆ ಸ್ಥಾಪನಾ ಸಭೆ ಕರೆಯಿರಿ. ಶುಲ್ಕ 10,000 ರೂಪಾಯಿ. ಮತದಾರರ ಪಟ್ಟಿಯಲ್ಲಿರುವ, ಬೇರೆ ನೋಂದಾಯಿತ ಪಕ್ಷದಲ್ಲಿಲ್ಲದ ಕನಿಷ್ಠ 100 ಸದಸ್ಯರ ಪ್ರಮಾಣಪತ್ರಗಳು ಬೇಕು. ನೂರಕ್ಕೆ ನೂರೇ ಕಳಿಸಬೇಡಿ. ಕೆಲವು ತಿರಸ್ಕೃತವಾಗುತ್ತವೆಂದು ಲೆಕ್ಕ ಹಾಕಿ ಹೆಚ್ಚು ಇಟ್ಟುಕೊಳ್ಳಿ. ಪಕ್ಷದ ಹೆಸರನ್ನು ಎರಡು ರಾಷ್ಟ್ರೀಯ, ಎರಡು ಸ್ಥಳೀಯ ದಿನಪತ್ರಿಕೆಗಳಲ್ಲಿ ಎರಡು ದಿನ ಪ್ರಕಟಿಸಬೇಕು. ಆಕ್ಷೇಪಣೆಗೆ 30 ದಿನ. ಜಾಹೀರಾತಿನ ಖರ್ಚು ಶುಲ್ಕಕ್ಕಿಂತ ಬಹಳ ಹೆಚ್ಚಾಗುತ್ತದೆ, ಮೊದಲೇ ಕೂಡಿಡಿ.

ನಿಮ್ಮ ಪಕ್ಷದ ನಿಯಮಾವಳಿಯಲ್ಲಿ ಸಂವಿಧಾನಕ್ಕೂ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೂ ನಿಷ್ಠೆ ಇರುತ್ತದೆ ಎಂಬ ಕಲಂ ಕಡ್ಡಾಯ. ಇದು 1989ರಿಂದ ಎಲ್ಲ ಪಕ್ಷಗಳಿಗೂ ಇರುವ ನಿಯಮ. ಅಂದರೆ ದೇಶದ ಪ್ರತಿ ನೋಂದಾಯಿತ ಪಕ್ಷವೂ ಕಾಗದದ ಮೇಲೆ ಸಮಾಜವಾದಕ್ಕೆ ಸಹಿ ಹಾಕಿದೆ. ‘ನಾವು ಸಮಾಜವಾದಿಗಳು’ ಎಂಬ ಒಂದೇ ಮಾತಿನಿಂದ ನೀವು ಬೇರೆಯಾಗಿ ಕಾಣುವುದಿಲ್ಲ.

ನೋಂದಣಿಯ ನಂತರ ಐದು ವರ್ಷದೊಳಗೆ ಚುನಾವಣೆಗೆ ನಿಲ್ಲಬೇಕು. 20,000 ರೂಪಾಯಿ ಮೀರಿದ ದೇಣಿಗೆಗಳ ವಿವರವನ್ನು ಪ್ರತಿ ವರ್ಷ ನಮೂನೆ 24ಎಯಲ್ಲಿ ಕೊಡಬೇಕು, ಲೆಕ್ಕ ಪರಿಶೋಧನೆ ಆಗಿರಬೇಕು. ಇಲ್ಲದಿದ್ದರೆ ಆದಾಯ ತೆರಿಗೆ ವಿನಾಯಿತಿ ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ, 2019ರಿಂದ ಒಂದೂ ಚುನಾವಣೆಗೆ ನಿಲ್ಲದ 334 ಪಕ್ಷಗಳನ್ನು ಆಯೋಗ ಪಟ್ಟಿಯಿಂದ ಕಿತ್ತುಹಾಕಿತು. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ; ಚಲಾವಣೆಯಾದ ಮತದ ಆರನೇ ಒಂದು ಭಾಗ ಸಿಗದಿದ್ದರೆ ಅದೂ ಹೋಗುತ್ತದೆ. ಜಿಲ್ಲೆಯ ಏಳೂ ಕ್ಷೇತ್ರಗಳಿಗೆ ಅಭ್ಯರ್ಥಿ ಹುಡುಕುತ್ತಾ ಹೋಗಬೇಡಿ. 1952ರ ಆ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ, ಒಂದೇ ಕ್ಷೇತ್ರ ಆರಿಸಿ, ಅಲ್ಲಿ ಮೊದಲು ಎರಡು ಗ್ರಾಮ ಪಂಚಾಯಿತಿಗಳ ಕೂಲಿ ಪಾವತಿ, ಪಡಿತರ, ಮನೆ ಹಂಚಿಕೆಯ ಪಟ್ಟಿಗಳನ್ನು ಮಾಹಿತಿ ಹಕ್ಕಿನಲ್ಲಿ ಪಡೆದು, ಹೆಸರು ಹೆಸರಿಗೆ ಮನೆಗೆ ಹೋಗಿ ತಾಳೆ ನೋಡಿ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಹಾಗಾಗಿ ನೋಂದಣಿ ಪತ್ರ ಬರುವ ತನಕ ಕಾಯಬೇಕಾಗಿಲ್ಲ. ಈ ಕೆಲಸವನ್ನು ಈ ವಾರವೇ ಶುರು ಮಾಡಬಹುದು.